ದ್ವೀಪಕ್ಕೆ ದ್ವೀಪ ಬದಲಿಯಲ್ಲ

2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರ ಲಕ್ಷದ್ವೀಪ ಭೇಟಿಯ ಚಿತ್ರಗಳು ಹೊರಬಂದವು. ಮಾಲ್ದೀವ್ಸ್‌ನ ಕೆಲವು ಉಪಸಚಿವರು ಅದರ ಬಗ್ಗೆ ಹಗುರವಾಗಿ ಮಾತನಾಡಿ ಅಮಾನತುಗೊಂಡರು. ‘ಇನ್ನು ಮಾಲ್ದೀವ್ಸ್ ಬೇಡ, ಲಕ್ಷದ್ವೀಪಕ್ಕೇ ಹೋಗೋಣ’ ಎಂಬ ಕೂಗು ನಮ್ಮಲ್ಲಿ ಎದ್ದಿತು. ಅದರ ರಾಜಕೀಯ ಈ ಲೇಖನದ ವಿಷಯವಲ್ಲ. ತನ್ನ ದುಡ್ಡನ್ನು ಯಾವ ದೇಶದಲ್ಲಿ ಖರ್ಚು ಮಾಡಬೇಕೆಂದು ನಿರ್ಧರಿಸುವ ಹಕ್ಕು ಪ್ರತಿಯೊಬ್ಬ ಪ್ರವಾಸಿಗೂ ಇದೆ. ನನಗೆ ಗೊಂದಲಮಯವಾಗಿ ಕಂಡದ್ದು ಆ ಕೂಗಿನ ಅಡಿಯಲ್ಲಿದ್ದ, ಅದಕ್ಕಿಂತ ಬಹಳ ಹಳೆಯದಾದ ಒಂದು ನಂಬಿಕೆ. ಉಷ್ಣವಲಯದ ದ್ವೀಪಗಳೆಲ್ಲ ಮೂಲತಃ ಒಂದೇ ಬಗೆಯವು: ಬಿಳಿ ಮರಳು, ನೀಲಿ ನೀರು, ಬಾಗಿದ ತೆಂಗಿನ ಮರ. ಇವು ಎಲ್ಲಿ ಹೆಚ್ಚು ಚೆನ್ನಾಗಿವೆಯೋ ಅಥವಾ ಎಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತವೆಯೋ ಅಲ್ಲಿಗೆ ಹೋದರಾಯಿತು. ಒಂದು ಬೇಡವಾದರೆ ಅದರ ಜಾಗಕ್ಕೆ ಇನ್ನೊಂದು. ಬಾಲಿ, ಫುಕೆಟ್, ಅಂಡಮಾನ್, ಮಾರಿಷಸ್, ಶ್ರೀಲಂಕಾ ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿಟ್ಟು ಒಂದು, ಎರಡು, ಮೂರು ಎಂದು ಅಂಕ ಕೊಡುವುದು ಈ ನಂಬಿಕೆಯ ಫಲ.

ಈ ನಂಬಿಕೆಯಲ್ಲಿ ಹುರುಳೇ ಇಲ್ಲ ಎಂದು ತಳ್ಳಿಹಾಕುವಂತಿಲ್ಲ. ರಜೆಗೆ ಹೊರಡುವ ಮಧ್ಯಮ ವರ್ಗದ ಕುಟುಂಬಕ್ಕೆ ಬೇಕಾಗಿರುವುದು ನಾಲ್ಕೈದು ದಿನದ ವಿಶ್ರಾಂತಿ, ಸಂಶೋಧನೆ ಅಲ್ಲ. ಬೆಚ್ಚಗಿನ ಕಡಲು, ಶುಭ್ರವಾದ ತೀರ, ಗದ್ದಲವಿಲ್ಲದ ಕೊಠಡಿ ಸಿಕ್ಕರೆ ಅವರ ಉದ್ದೇಶ ಈಡೇರಿತು, ಮತ್ತು ಇವು ಒಂದಕ್ಕಿಂತ ಹೆಚ್ಚು ಕಡೆ ಸಿಗುವುದೂ ನಿಜ. ಅಂಥವರು ಬೆಲೆ ನೋಡಿ ಆರಿಸುವುದು ವಿವೇಕವೇ. ಲಕ್ಷದ್ವೀಪ ಮತ್ತು ಮಾಲ್ದೀವ್ಸ್ ವಿಷಯದಲ್ಲಂತೂ ಹೋಲಿಕೆಗೆ ಇನ್ನೂ ಗಟ್ಟಿಯಾದ ಆಧಾರವಿದೆ. ಎರಡೂ ಸಮುದ್ರತಳದ ಒಂದೇ ಪರ್ವತಸಾಲಿನ ಮೇಲೆ ಬೆಳೆದ ಹವಳದ್ವೀಪಗಳು. ಮಿನಿಕಾಯ್‌ನಲ್ಲಿ ಆಡುವ ಮಹಲ್ ಮಾಲ್ದೀವ್ಸ್‌ನ ಧಿವೇಹಿ ಭಾಷೆಯದೇ ಒಂದು ರೂಪ. ಭೂಮಿಯೂ ನುಡಿಯೂ ಹೀಗೆ ಹೊಂದಿಕೊಂಡಿರುವಾಗ ಒಂದರ ಬದಲು ಇನ್ನೊಂದು ಎನ್ನುವುದರಲ್ಲಿ ತಪ್ಪೇನು ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ ಇಷ್ಟು: ಚಿತ್ರದಲ್ಲಿ ಕಾಣುವ ಸಾಮ್ಯ ನಿಜ, ಆದರೆ ಪ್ರವಾಸ ಸುಖವಾಗಿರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಚಿತ್ರದಲ್ಲಿ ಕಾಣುವುದಿಲ್ಲ. ಅವು ಮುಖ್ಯವಾಗಿ ನಾಲ್ಕು: ತಿಂಗಳು, ನೀರು, ನೆಲ, ಮತ್ತು ಆ ನೆಲದ ಧಾರಣಶಕ್ತಿ. ಈ ನಾಲ್ಕನ್ನೂ ಇದೇ ಕ್ರಮದಲ್ಲಿ ನೋಡಿದರೆ ‘ಎಲ್ಲಕ್ಕಿಂತ ಒಳ್ಳೆಯ ದ್ವೀಪ’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ತಿಂಗಳಿನಿಂದ ಶುರು ಮಾಡೋಣ. ದ್ವೀಪದ ಚಿತ್ರ ಯಾವಾಗಲೂ ಬಿಸಿಲಿನ ದಿನದ್ದು. ವರ್ಷದ ಉಳಿದ ಭಾಗ ಅದರಲ್ಲಿ ಇರುವುದಿಲ್ಲ. ಉಷ್ಣವಲಯದಲ್ಲಿ ಚಳಿ-ಸೆಕೆಯ ವ್ಯತ್ಯಾಸ ಕಡಿಮೆ, ಹಾಗಾಗಿ ಋತುವನ್ನು ನಿರ್ಧರಿಸುವುದು ಗಾಳಿಯ ದಿಕ್ಕು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಯ ತೀರದಲ್ಲಿ ಕಡಲು ಏಳುತ್ತದೆ, ಮಳೆ ಸುರಿಯುತ್ತದೆ. ಎತ್ತರದ ಬೆಟ್ಟಗಳಿರುವ ದ್ವೀಪದಲ್ಲಿ ಇನ್ನೊಂದು ಬದಿ ಅದೇ ಹೊತ್ತಿಗೆ ಒಣಗಿರುತ್ತದೆ. ಆಗುಂಬೆಯಲ್ಲಿ ಜಡಿಮಳೆ ಹೊಯ್ಯುವಾಗ ಚಿತ್ರದುರ್ಗ ಮೋಡ ನೋಡುತ್ತಾ ಕೂರುವುದನ್ನು ಕಂಡ ನಮಗೆ ಇದು ಹೊಸದಲ್ಲ. ಶ್ರೀಲಂಕಾದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬೆಂಟೋಟ, ಹಿಕ್ಕಡುವ, ಮಿರಿಸ್ಸಾ ಇರುವ ನೈಋತ್ಯ ಕರಾವಳಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ತ್ರಿಂಕೋಮಲಿ, ನಿಲಾವೇಲಿ, ಅರುಗಂ ಕೊಲ್ಲಿ ಇರುವ ಪೂರ್ವ ಕರಾವಳಿಗೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಥಾಯ್ಲೆಂಡ್‌ನಲ್ಲೂ ಹೀಗೆಯೇ: ಅಂಡಮಾನ್ ಸಮುದ್ರದ ಕಡೆಗಿರುವ ಫುಕೆಟ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬಿಸಿಲಿದ್ದರೆ, ಕೊಲ್ಲಿಯ ಕಡೆಗಿರುವ ಕೊ ಸಮುಯ್‌ಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆ. ಅಂದಮೇಲೆ ‘ಶ್ರೀಲಂಕಾ ಚೆನ್ನಾಗಿದೆಯೇ?’ ಎಂಬ ಪ್ರಶ್ನೆಗೆ ತೀರ ಮತ್ತು ತಿಂಗಳನ್ನು ಹೇಳದೆ ಉತ್ತರಿಸಲು ಸಾಧ್ಯವೇ ಇಲ್ಲ.

ಕನ್ನಡನಾಡಿನ ಕುಟುಂಬಗಳಿಗೆ ತಿಂಗಳು ಬೇಕೆಂದಾಗ ಸಿಗುವ ವಸ್ತುವೂ ಅಲ್ಲ. ಮಕ್ಕಳ ಶಾಲೆ, ಕಚೇರಿಯ ರಜೆ ಎರಡೂ ಕೂಡಿಬರುವುದು ಮೂರು ಸಂದರ್ಭಗಳಲ್ಲಿ. ಆ ಮೂರನ್ನೂ ಮುಂದಿಟ್ಟುಕೊಂಡು ನೋಡಿದರೆ ಪಟ್ಟಿ ತಲೆಕೆಳಗಾಗುವುದು ಕಾಣುತ್ತದೆ.

1. ಏಪ್ರಿಲ್-ಮೇ ರಜೆ: ಲಕ್ಷದ್ವೀಪ, ಮಾಲ್ದೀವ್ಸ್, ಅಂಡಮಾನ್ ಮೂರೂ ಏಪ್ರಿಲ್‌ನಲ್ಲಿ ಸರಿ. ಮೇ ನಡುವಿನ ಹೊತ್ತಿಗೆ ಅರಬ್ಬೀ ಸಮುದ್ರ ಕೆರಳತೊಡಗುತ್ತದೆ. ಅಂಡಮಾನಿಗೆ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ಮೂರನೆಯ ವಾರದ ಸುಮಾರಿಗೆ ಮುಟ್ಟುತ್ತದೆ. ಇಲ್ಲಿ ಬಿಸಿಲು ಕಾಯುತ್ತಿರುವಾಗ ಅಲ್ಲಿ ಮಳೆಗಾಲ ಶುರುವಾಗಿರುತ್ತದೆ. ಸಮಭಾಜಕದ ದಕ್ಷಿಣಕ್ಕಿರುವ ಬಾಲಿಯಲ್ಲಿ ಅದೇ ಹೊತ್ತಿಗೆ ಒಣ ಋತು ಆರಂಭ.

2. ದಸರಾ ರಜೆ: ಬಾಲಿ, ಮಾರಿಷಸ್ ಎರಡೂ ಹಿತವಾಗಿರುತ್ತವೆ. ಶ್ರೀಲಂಕಾದಲ್ಲಿ ಎರಡು ಮಾರುತಗಳ ನಡುವಿನ ಮಳೆ. ಅಂಡಮಾನ್ ಇನ್ನೂ ತೊಯ್ದಿರುತ್ತದೆ. ಬಂಗಾಳ ಕೊಲ್ಲಿಯ ಚಂಡಮಾರುತಗಳು ಹುಟ್ಟುವ ಕಾಲವೂ ಆಗಲೇ ಆರಂಭ.

3. ವರ್ಷಾಂತ್ಯದ ರಜೆ: ಮಾಲ್ದೀವ್ಸ್, ಲಕ್ಷದ್ವೀಪ, ಫುಕೆಟ್, ಶ್ರೀಲಂಕಾದ ನೈಋತ್ಯ ತೀರಗಳಿಗೆ ಅನುಕೂಲ. ಬಾಲಿಯಲ್ಲಿ ಮಳೆ, ಪಶ್ಚಿಮದ ಗಾಳಿ ಕಡಲಿನ ಪ್ಲಾಸ್ಟಿಕ್ ಕಸವನ್ನೆಲ್ಲ ಕುಟಾ ತೀರಕ್ಕೆ ತಂದು ಹಾಕುವುದೂ ಆಗಲೇ. ಮಾರಿಷಸ್‌ನಲ್ಲಿ ಚಂಡಮಾರುತದ ಋತು ಕಾಲಿಡುತ್ತಿರುತ್ತದೆ.

ಒಳ್ಳೆಯ ತಿಂಗಳು ಎಂಬುದೂ ಉದ್ದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಮಾಲ್ದೀವ್ಸ್‌ನ ಬಾ ಹವಳದ್ವೀಪ ಸಮೂಹದ ಹನಿಫಾರು ಕೊಲ್ಲಿಗೆ ದೈತ್ಯ ಮಂಟಾ ತೊರಕೆ ಮೀನುಗಳು ಗುಂಪಾಗಿ ಬರುವುದು ಜೂನ್‌ನಿಂದ ನವೆಂಬರ್‌ವರೆಗೆ, ಅಂದರೆ ಏಜೆಂಟರು ‘ಆಫ್ ಸೀಸನ್’ ಎಂದು ಕರೆಯುವ ಮಳೆಯ ತಿಂಗಳುಗಳಲ್ಲಿ. ನೈಋತ್ಯ ಮಾರುತದ ಸೆಳೆತ ಮತ್ತು ಉಬ್ಬರ ಸೇರಿ ಸೂಕ್ಷ್ಮಜೀವಿಗಳನ್ನು ಆ ಕೊಲ್ಲಿಗೆ ದೂಡುತ್ತವೆ, ಅವನ್ನು ತಿನ್ನಲು ಮಂಟಾಗಳು ಬರುತ್ತವೆ. ಮರಳ ಮೇಲೆ ಮಲಗಬೇಕೆಂದವನಿಗೆ ಕೆಟ್ಟ ಕಾಲವೇ ಇದನ್ನು ನೋಡಬೇಕೆಂದವನಿಗೆ ಸರಿಯಾದ ಕಾಲ.

ಎರಡನೆಯದು ನೀರು. ನೀಲಿ ಬಣ್ಣ ನೋಡಿ ಆರಿಸುವವರು ಆ ನೀಲಿಯಲ್ಲಿ ಎರಡು ಜಾತಿ ಇರುವುದನ್ನು ಗಮನಿಸುವುದಿಲ್ಲ. ಹವಳದ ದಂಡೆಯ ಒಳಗಿನ ಲಗೂನ್ ಒಂದು, ತೆರೆದ ಕಡಲು ಇನ್ನೊಂದು. ಬಯಲು ಸಮುದ್ರದಿಂದ ಬರುವ ಅಲೆ ತನ್ನ ಶಕ್ತಿಯ ಬಹುಪಾಲನ್ನು ಹವಳದ ದಂಡೆಯ ಮೇಲೆ ಒಡೆದು ಕಳೆದುಕೊಳ್ಳುತ್ತದೆ. ಒಳಗೆ ಉಳಿಯುವುದು ಸೊಂಟದೆತ್ತರದ ನಿಂತ ನೀರು. ಕಡಮತ್, ಬಂಗಾರಂ ದ್ವೀಪಗಳ ಲಗೂನ್, ಮಾರಿಷಸ್‌ನ ಬಹುತೇಕ ತೀರ, ಬಾಲಿಯ ಸನೂರ್ ಈ ಜಾತಿಯವು. ಅಂಡಮಾನಿನ ಸ್ವರಾಜ್ ದ್ವೀಪದ ರಾಧಾನಗರ ತೀರ ಅಷ್ಟೇ ಸುಂದರ, ಆದರೆ ಅದು ಅಲೆಗೆ ತೆರೆದ ತೀರ. ಉಪ್ಪುನೀರಿನ ಮೊಸಳೆಗಳಿರುವ ಪ್ರದೇಶವಾದ್ದರಿಂದ ಈಜಲು ಬಲೆ ಕಟ್ಟಿದ ಭಾಗವಿದೆ, ಅದರಾಚೆ ಹೋಗುವಂತಿಲ್ಲ. ನಮ್ಮಲ್ಲಿ ದ್ವೀಪಕ್ಕೆ ಹೋಗುವವರಲ್ಲಿ ಹೆಚ್ಚಿನವರಿಗೆ ಈಜು ಬರುವುದಿಲ್ಲ ಎಂಬುದನ್ನು ಒಪ್ಪಿಕೊಂಡರೆ, ‘ಯಾವ ನೀರು ಹೆಚ್ಚು ನೀಲಿ’ ಎಂಬುದಕ್ಕಿಂತ ‘ಯಾವ ನೀರಿನಲ್ಲಿ ಏಳು ವರ್ಷದ ಮಗು ನಿಲ್ಲಬಹುದು’ ಎಂಬ ಪ್ರಶ್ನೆ ಎಷ್ಟೋ ಪಾಲು ಮುಖ್ಯವಾಗುತ್ತದೆ. ನೀರು ದಿನದ ಹೊತ್ತಿಗೆ ತಕ್ಕಂತೆಯೂ ಬದಲಾಗುತ್ತದೆ. ಶಹೀದ್ ದ್ವೀಪದ ತೀರಗಳಲ್ಲಿ ಇಳಿತದ ವೇಳೆಗೆ ನೀರು ದೂರಕ್ಕೆ ಸರಿದು ಹವಳಗಲ್ಲುಗಳು ಮೊನೆ ತೋರಿಸಿಕೊಂಡು ಏಳುತ್ತವೆ. ಚಪ್ಪಲಿಯಿಲ್ಲದೆ ಕಾಲಿಡುವುದು ಕಷ್ಟ, ಈಜುವುದಂತೂ ಆಗದು. ಅದೇ ಜಾಗ ಕೆಲವು ಗಂಟೆಗಳ ನಂತರ ತುಂಬಿನಿಂತಿರುತ್ತದೆ. ಸೂರ್ಯಾಸ್ತದ ಲೆಕ್ಕವೂ ಬೇರೆ. ಅಂಡಮಾನ್ ಬೆಂಗಳೂರಿಗಿಂತ ಸುಮಾರು ಹದಿನೈದು ಡಿಗ್ರಿ ರೇಖಾಂಶ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಡಿಸೆಂಬರ್‌ನಲ್ಲಿ ಸಂಜೆ ಐದರ ಹೊತ್ತಿಗೆ ಸೂರ್ಯ ಮುಳುಗುವುದರಿಂದ ಅಲ್ಲಿನ ಕಡಲದಿನ ನಸುಕಿನಲ್ಲೇ ಶುರುವಾಗಬೇಕು. ಊಟ ಮುಗಿಸಿ ನಿಧಾನವಾಗಿ ಹೊರಡುವ ಅಭ್ಯಾಸದವರಿಗೆ ಅರ್ಧ ದಿನ ಕೈತಪ್ಪುತ್ತದೆ.

ಮೂರನೆಯದು ನೆಲ. ದ್ವೀಪಗಳಲ್ಲಿ ಎತ್ತರದವು ಮತ್ತು ತಗ್ಗಿನವು ಎಂಬ ವಿಭಾಗ ಬಹಳ ಆಳವಾದದ್ದು. ಬಾಲಿ, ಮಾರಿಷಸ್ ಅಗ್ನಿಪರ್ವತಗಳು ಕಟ್ಟಿದ ನೆಲ. ಬಾಲಿಯ ಆಗುಂಗ್ ಪರ್ವತ 3,000 ಮೀಟರಿಗೂ ಎತ್ತರ. ಅಂಡಮಾನ್ ಮುಳುಗಿದ ಪರ್ವತಸಾಲಿನ ತುದಿ. ಅಲ್ಲಿನ ಸ್ಯಾಡಲ್ ಶಿಖರ 732 ಮೀಟರ್, ಒಟ್ಟು ನೆಲ ಸುಮಾರು 6,400 ಚದರ ಕಿಲೋಮೀಟರ್, ಅದರಲ್ಲಿ ಬಹುಪಾಲು ದಟ್ಟ ಕಾಡು. ಇಂಥ ದ್ವೀಪದಲ್ಲಿ ಮಳೆ ಬಂದ ದಿನವೂ ಮಾಡಲು ಕೆಲಸವಿರುತ್ತದೆ: ಕಾಡು, ಜಲಪಾತ, ಗದ್ದೆ, ದೇವಾಲಯ, ಸೆಲ್ಯುಲರ್ ಜೈಲಿನಂಥ ಚರಿತ್ರೆಯ ತಾಣ. ಮಾಲ್ದೀವ್ಸ್, ಲಕ್ಷದ್ವೀಪಗಳ ಕಥೆ ಬೇರೆ. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದಂತೆ, ಅಗ್ನಿಪರ್ವತ ನಿಧಾನವಾಗಿ ಕುಸಿಯುತ್ತಾ ಹೋದಾಗ ಅದರ ಸುತ್ತಲಿನ ಹವಳ ಬೆಳಕಿಗಾಗಿ ಮೇಲೇರುತ್ತಾ ಹೋಗುತ್ತದೆ. ಕೊನೆಗೆ ಬೆಟ್ಟ ಮರೆಯಾಗಿ ಉಂಗುರ ಉಳಿಯುತ್ತದೆ. ಆ ಉಂಗುರದ ಮೇಲೆ ಕೂಡಿದ ಮರಳಷ್ಟೇ ಅಲ್ಲಿನ ನೆಲ. ಮಾಲ್ದೀವ್ಸ್‌ನ ಅತಿ ಎತ್ತರದ ಸಹಜ ಬಿಂದುವೂ ಸಮುದ್ರಮಟ್ಟದಿಂದ ಎರಡೂವರೆ ಮೀಟರ್ ದಾಟುವುದಿಲ್ಲ. ಅಲ್ಲಿ ಕಡಲೇ ಎಲ್ಲ. ಕಡಲಿಗಿಳಿಯಲು ಆಗದ ದಿನ ಕೊಠಡಿಯಲ್ಲಿ ಕೂರಬೇಕಾಗುತ್ತದೆ.

ಮರಳಿನ ಬಣ್ಣವೂ ನೆಲದ ಈ ಜಾತಿಯಿಂದಲೇ ಬರುವುದು. ಬಾಲಿಯ ಉತ್ತರದ ಲೊವಿನಾ ತೀರ ಕಪ್ಪಾಗಿದೆ, ಏಕೆಂದರೆ ಅದು ಲಾವಾ ಶಿಲೆಯ ಪುಡಿ. ಕಾರವಾರದ ಬಳಿಯ ತಿಳಮಾತಿ ತೀರದ ಕಪ್ಪು ಮರಳು ನೋಡಿದವರಿಗೆ ಕಪ್ಪು ಎಂದರೆ ಕೊಳಕು ಅಲ್ಲ ಎಂದು ಹೇಳಬೇಕಾಗಿಲ್ಲ. ಹವಳದ್ವೀಪದ ಬಿಳುಪು ಸತ್ತ ಹವಳದ, ಚಿಪ್ಪಿನ ಚೂರುಗಳದ್ದು. ಅದರಲ್ಲಿ ದೊಡ್ಡ ಪಾಲು ಗಿಳಿಮೀನುಗಳದು: ಅವು ಹವಳವನ್ನು ಕೊರೆದು ಪಾಚಿ ತಿಂದು, ಉಳಿದ ಸುಣ್ಣವನ್ನು ನಯವಾದ ಮರಳಾಗಿ ಹೊರಹಾಕುತ್ತವೆ. ಬಿಳಿ ಮರಳು ಅಲ್ಲಿ ಒಮ್ಮೆ ಸಿಕ್ಕಿ ಮುಗಿದ ಆಸ್ತಿಯಲ್ಲ; ಜೀವಂತ ಹವಳ ದಿನವೂ ತಯಾರಿಸಬೇಕಾದದ್ದು. 1998, 2010, 2016, 2024ರಲ್ಲಿ ಸಮುದ್ರ ಕಾದು ಹವಳಗಳು ಬಿಳಿಚಿಕೊಂಡಾಗ ಲಕ್ಷದ್ವೀಪ, ಮಾಲ್ದೀವ್ಸ್ ಎರಡಕ್ಕೂ ಪೆಟ್ಟು ಬಿತ್ತು. ಹವಳ ಸತ್ತರೆ ಅಲೆ ತಡೆಯುವ ಗೋಡೆಯೂ ಹೋಗುತ್ತದೆ, ಮರಳಿನ ಪೂರೈಕೆಯೂ ನಿಲ್ಲುತ್ತದೆ. ಬಂಗಾರಂ ಬಳಿಯ ಪರಳಿ ದ್ವೀಪಗಳಲ್ಲಿ ಒಂದು ಈಗಾಗಲೇ ಕೊರೆದುಹೋಗಿ ಮುಳುಗಿದೆ.

ಇಲ್ಲಿಗೆ ನಾಲ್ಕನೆಯ ಸಂಗತಿ ಬರುತ್ತದೆ: ಧಾರಣಶಕ್ತಿ. ‘ಲಕ್ಷದ್ವೀಪವೇ ನಮ್ಮ ಮಾಲ್ದೀವ್ಸ್’ ಎಂಬ ಮಾತು ನಿಲ್ಲಲಾರದೆ ಹೋಗುವುದು ಇಲ್ಲೇ. ಮಾಲ್ದೀವ್ಸ್‌ನಲ್ಲಿ 1,190ರಷ್ಟು ದ್ವೀಪಗಳಿವೆ, ಜನವಸತಿ ಇರುವುದು ಸುಮಾರು 190ರಲ್ಲಿ. 1972ರಲ್ಲಿ ಮೊದಲ ರೆಸಾರ್ಟ್ ತೆರೆದಾಗಿನಿಂದ ಆ ದೇಶ ‘ಒಂದು ದ್ವೀಪಕ್ಕೆ ಒಂದು ರೆಸಾರ್ಟ್’ ಎಂಬ ನೀತಿ ಹಿಡಿಯಲು ಸಾಧ್ಯವಾದದ್ದು ಖಾಲಿ ದ್ವೀಪಗಳು ನೂರಾರು ಇದ್ದದ್ದರಿಂದ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ 32 ಚದರ ಕಿಲೋಮೀಟರ್. ಜನವಸತಿ ಇರುವುದು ಹತ್ತರಲ್ಲಿ, ಉಳಿದವು ಬಹುತೇಕ ಚಿಕ್ಕ ತುಣುಕುಗಳು. 2011ರ ಜನಗಣತಿಯ ಪ್ರಕಾರ ಅಲ್ಲಿ 64,000ಕ್ಕೂ ಹೆಚ್ಚು ಜನ. ಒಂದು ಚದರ ಕಿಲೋಮೀಟರಿಗೆ 2,000 ಮೀರಿದ ಸಾಂದ್ರತೆ. ಅದೇ ಗಣತಿಯಲ್ಲಿ ಕರ್ನಾಟಕದ ಸಾಂದ್ರತೆ 319. ನದಿ, ಕೆರೆ ಇಲ್ಲ. ಉಪ್ಪುನೀರಿನ ಮೇಲೆ ತೆಳುವಾಗಿ ತೇಲುವ ಮಳೆನೀರಿನ ಪದರವೇ ಬಾವಿಗೆ ಆಧಾರ. ಹೆಚ್ಚು ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಸ್ಥಾಪಿಸಿದ ಸಮುದ್ರನೀರು ಸಿಹಿಗೊಳಿಸುವ ಘಟಕದ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಮಾಲ್ದೀವ್ಸ್‌ನ ನೂರರಲ್ಲಿ ಒಂದು ಪಾಲು ಪ್ರವಾಸಿಗಳು ಬಂದರೂ ಅಲ್ಲಿ ಅದರ ಭಾರ ಬೀಳುವುದು ಊರಿನ ಬಾವಿಯ ಮೇಲೆ.

ಕನ್ನಡಿಗರು ಈ ಮಾತನ್ನು ಇನ್ನೂ ಹತ್ತಿರದಿಂದ ಅರಿಯಬಲ್ಲರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1787ರ ಸುಮಾರಿಗೆ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರ ನಂತರ ಬ್ರಿಟಿಷರ ಕೈಸೇರಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಅಲ್ಲಿನ ತೆಂಗು, ಹುರಿಹಗ್ಗ ಮಂಗಳೂರಿಗೆ ಬರುತ್ತಿತ್ತು, ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕುದೋಣಿಗಳು ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿ ಹೇರಿಕೊಂಡು ಆ ದ್ವೀಪಗಳಿಗೆ ಹೊರಡುತ್ತವೆ; ಮಳೆಗಾಲದಲ್ಲಿ ಅವುಗಳ ಓಡಾಟ ನಿಲ್ಲುತ್ತದೆ. ಮನೆ ಕಟ್ಟಲು ಜಲ್ಲಿಯೂ ಕಡಲು ದಾಟಿ ಬರಬೇಕಾದ ನೆಲದಲ್ಲಿ ಹೊಸ ಕೊಠಡಿ ಎಂದರೇನು, ಪ್ರತಿ ಅತಿಥಿಯ ತಟ್ಟೆಯ ಪಲ್ಯ ಎಂದರೇನು ಎಂಬುದನ್ನು ಆ ಬಂದರಿನ ಕಟ್ಟೆಯ ಮೇಲೆ ನಿಂತು ನೋಡಿದರೆ ತಿಳಿಯುತ್ತದೆ. ಲಕ್ಷದ್ವೀಪಕ್ಕೆ ಹೋಗಲು ಅನುಮತಿಪತ್ರ ಬೇಕಾಗಿರುವುದನ್ನು ಕಿರಿಕಿರಿ ಎಂದು ಬಗೆಯುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ಆಕ್ಷೇಪಗಳನ್ನು ತೂಗಿ ನೋಡೋಣ. ಮೊದಲನೆಯದು: ತಂತ್ರಜ್ಞಾನ ಇದ್ದರೆ ಧಾರಣಶಕ್ತಿ ಬೆಳೆಯುತ್ತದೆ, ನೀರು ಸಿಹಿಗೊಳಿಸಬಹುದು, ವಿದ್ಯುತ್ ತಯಾರಿಸಬಹುದು. ನಿಜ, ಮಾಲ್ದೀವ್ಸ್ ಅದನ್ನೇ ಮಾಡಿ ತೋರಿಸಿದೆ. ಆದರೆ 2014ರ ಡಿಸೆಂಬರ್‌ನಲ್ಲಿ ಮಾಲೆಯ ನೀರಿನ ಘಟಕಕ್ಕೆ ಬೆಂಕಿ ಬಿದ್ದಾಗ ಇಡೀ ರಾಜಧಾನಿ ಕುಡಿಯುವ ನೀರಿಲ್ಲದೆ ಕೂತಿತು. ಭಾರತ ವಿಮಾನ, ಹಡಗುಗಳಲ್ಲಿ ನೀರು ಕಳಿಸಬೇಕಾಯಿತು. ಯಂತ್ರ ಮಿತಿಯನ್ನು ಸ್ವಲ್ಪ ಆಚೆಗೆ ಸರಿಸುತ್ತದೆ, ಅಳಿಸುವುದಿಲ್ಲ. ದೊಡ್ಡ ದ್ವೀಪರಾಷ್ಟ್ರಗಳೂ ಈ ಮಿತಿಗೆ ತಲೆಬಾಗಿವೆ. ಫಿಲಿಪ್ಪೀನ್ಸ್ ತನ್ನ ಬೊರಾಕಾಯ್ ದ್ವೀಪವನ್ನು 2018ರಲ್ಲಿ ಆರು ತಿಂಗಳು ಮುಚ್ಚಿತು. ಥಾಯ್ಲೆಂಡ್ ಅದೇ ವರ್ಷ ಮುಚ್ಚಿದ ಮಾಯಾ ಕೊಲ್ಲಿಯನ್ನು ತೆರೆದದ್ದು 2022ರಲ್ಲಿ, ಅದೂ ಬರುವವರ ಸಂಖ್ಯೆಗೆ ಮಿತಿ ಹಾಕಿ.

ಎರಡನೆಯದು ಇನ್ನೂ ಗಂಭೀರ: ದ್ವೀಪದ ಜನರಿಗೆ ಸಂಪಾದನೆ ಬೇಡವೇ? ದೂರದಲ್ಲಿ ಕೂತು ‘ಹೋಗಬೇಡಿ’ ಎನ್ನುವುದು ಅವರ ಅನ್ನಕ್ಕೆ ಅಡ್ಡಬಂದಂತಲ್ಲವೇ? ಈ ಆಕ್ಷೇಪದ ಬಲವನ್ನು ಒಪ್ಪುತ್ತೇನೆ. ಹೋಗಬೇಡಿ ಎಂಬುದು ನನ್ನ ವಾದವೂ ಅಲ್ಲ. ಎಷ್ಟು ಜನ, ಯಾವ ರೀತಿಯಲ್ಲಿ ಬರಬೇಕು ಎಂಬುದನ್ನು ಅಲ್ಲಿನವರು ನಿರ್ಧರಿಸಬೇಕು ಎಂಬುದು ವಾದ. ಹಿಂದೆ ಕರ್ನಾಟಕ ಹೈಕೋರ್ಟ್‌ನಲ್ಲೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರ ನೇತೃತ್ವದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ, ಲಕ್ಷದ್ವೀಪದ ಅಭಿವೃದ್ಧಿ ಚುನಾಯಿತ ದ್ವೀಪ ಪಂಚಾಯಿತಿಗಳ ಸಮಾಲೋಚನೆಯಿಂದಲೇ ಆಗಬೇಕು ಎಂದದ್ದು ಇದೇ ಕಾರಣಕ್ಕೆ. ಮಾಲ್ದೀವ್ಸ್‌ನಲ್ಲೂ ದಶಕಗಳ ಕಾಲ ರೆಸಾರ್ಟ್ ದ್ವೀಪಗಳಿಗೂ ಜನರ ದ್ವೀಪಗಳಿಗೂ ನಡುವೆ ಗೋಡೆ ಇತ್ತು; ಸುಮಾರು 2009ರಿಂದ ಊರಿನ ದ್ವೀಪಗಳಲ್ಲಿ ಅತಿಥಿಗೃಹ ನಡೆಸಲು ಅವಕಾಶ ಸಿಕ್ಕಮೇಲೆ ಮಾಫುಶಿಯಂಥ ಊರುಗಳ ಸಾಮಾನ್ಯ ಕುಟುಂಬಗಳಿಗೂ ಪ್ರವಾಸಿಯ ಹಣ ಮುಟ್ಟಿತು. ಅಲ್ಲಿ ಮದ್ಯ ಸಿಗುವುದಿಲ್ಲ, ಉಡುಪಿನಲ್ಲಿ ಊರಿನ ಮರ್ಯಾದೆ ಪಾಲಿಸಬೇಕು. ಈ ಕಟ್ಟುಪಾಡು ಒಪ್ಪುವವರಿಗೆ ಅತಿಥಿಗೃಹ, ಒಪ್ಪದವರಿಗೆ ರೆಸಾರ್ಟ್. ಇದನ್ನು ತಿಳಿದು ಹೋದರೆ ಅತಿಥಿಗೂ ಊರಿನವರಿಗೂ ಒಳಿತು, ತಿಳಿಯದೆ ಹೋದರೆ ಇಬ್ಬರಿಗೂ ಮುಜುಗರ.

ಮೂರನೆಯದು ದೇಶಪ್ರೇಮದ ಮಾತು. ನಮ್ಮ ದುಡ್ಡು ನಮ್ಮಲ್ಲೇ ಉಳಿಯಲಿ ಎಂಬ ಆಸೆ ಗೌರವಯೋಗ್ಯ. ಆದರೆ ಅದು ‘ಅಲ್ಲಿಗೆ ಏಕೆ ಹೋಗಬಾರದು’ ಎಂಬುದಕ್ಕೆ ಕಾರಣವಾಗಬಹುದೇ ಹೊರತು ‘ಇಲ್ಲಿಗೆ ಎಲ್ಲರೂ ಏಕೆ ಹೋಗಬೇಕು’ ಎಂಬುದಕ್ಕೆ ಅಲ್ಲ. ಸ್ವದೇಶದಲ್ಲೇ ರಜೆ ಕಳೆಯಬೇಕೆಂದವರಿಗೆ ಹೆಚ್ಚು ನೆಲ, ಹೆಚ್ಚು ವಸತಿ ಇರುವ ಅಂಡಮಾನ್ ಇದೆ. ನಮ್ಮದೇ ಕಡಲಲ್ಲಿ ಮುರುಡೇಶ್ವರದ ಎದುರಿಗೆ ಹವಳವನ್ನೂ ಮೀನನ್ನೂ ಮುಳುಗಿ ನೋಡಬಹುದಾದ ನೇತ್ರಾಣಿ ಇದೆ. ಮಲ್ಪೆಯ ಎದುರಿಗೆ ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ಸ್ತಂಭಗಳಿರುವ ಸೇಂಟ್ ಮೇರೀಸ್ ಇದೆ. ಒಂದು ನೆಲವನ್ನು ನಮ್ಮದು ಎಂದು ಪ್ರೀತಿಸುವವರು ಅದಕ್ಕೆ ಹೊರಲಾಗದ ಭಾರ ಹೊರಿಸಲಾರರು.

ಕೊನೆಯ ಆಕ್ಷೇಪ: ನಾಲ್ಕು ದಿನದ ರಜೆಗೆ ಇಷ್ಟು ಲೆಕ್ಕಾಚಾರವೇ? ಈ ಲೆಕ್ಕ ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. 2016ರ ಡಿಸೆಂಬರ್‌ನಲ್ಲಿ ಕಡಲು ಕೆಟ್ಟು ದೋಣಿಗಳು ನಿಂತಾಗ ಅಂಡಮಾನಿನ ಹ್ಯಾವ್ಲಾಕ್ (ಇಂದಿನ ಸ್ವರಾಜ್), ನೀಲ್ (ಇಂದಿನ ಶಹೀದ್) ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗಳು ಸಿಕ್ಕಿಹಾಕಿಕೊಂಡರು. ನೌಕಾಪಡೆ ಹೋಗಿ ಕರೆತರಬೇಕಾಯಿತು. ಒಳ್ಳೆಯ ತಿಂಗಳಲ್ಲೂ ಕಡಲು ಕೈಕೊಡಬಹುದು, ಹಾಗಾಗಿ ಹಿಂದಿರುಗುವ ವಿಮಾನಕ್ಕೆ ಒಂದು ದಿನ ಮುಂಚೆಯೇ ಮುಖ್ಯ ಪಟ್ಟಣ ಸೇರುವುದು ಜಾಣತನ. ಇನ್ನು ಲೆಕ್ಕವಾದರೂ ದೊಡ್ಡದೇನಲ್ಲ. ನನಗೆ ರಜೆ ಯಾವ ತಿಂಗಳು? ನನ್ನವರು ಇಳಿಯುವ ನೀರು ಯಾವುದು? ಮಳೆ ಬಂದರೆ ಆ ನೆಲದಲ್ಲಿ ನನಗೇನಿದೆ? ನಾನು ಹೋಗುವುದನ್ನು ಆ ಜಾಗ ತಾಳುತ್ತದೆಯೇ? ಈ ನಾಲ್ಕಕ್ಕೆ ಉತ್ತರ ಬರೆದುಕೊಂಡ ಮೇಲೆ ಬೆಲೆಯನ್ನೂ ಅಂದವನ್ನೂ ನೋಡಬಹುದು; ಅಷ್ಟು ಹೊತ್ತಿಗೆ ಪಟ್ಟಿಯಲ್ಲಿ ಒಂದೆರಡೇ ಹೆಸರು ಉಳಿದಿರುತ್ತವೆ.

ಇದರಿಂದ ಸೌಂದರ್ಯಕ್ಕೆ ಬೆಲೆಯಿಲ್ಲ ಎಂದಾಗುವುದಿಲ್ಲ. ಸೌಂದರ್ಯ ಒಂದು ದ್ವೀಪದ ಹೆಸರಿಗೆ ಅಂಟಿಕೊಂಡ ಗುಣವಲ್ಲ, ಒಂದು ತೀರಕ್ಕೆ ಒಂದು ಕಾಲದಲ್ಲಿ ಕೂಡಿಬರುವ ಸ್ಥಿತಿ ಎಂದಷ್ಟೇ ಆಗುತ್ತದೆ. ಅದನ್ನು ಒಪ್ಪಿದರೆ ಕೆಲವೊಮ್ಮೆ ಸಿಗುವ ಪ್ರಾಮಾಣಿಕ ಉತ್ತರ ‘ಈ ಸಲ ಯಾವ ದ್ವೀಪವೂ ಬೇಡ’ ಎಂಬುದೂ ಆಗಿರಬಹುದು. ಮೇ ಕೊನೆಯ ವಾರದಲ್ಲಷ್ಟೇ ಬಿಡುವಿರುವ, ಈಜು ಬಾರದ ಮಕ್ಕಳಿರುವ, ವಿದೇಶದ ಖರ್ಚು ಭರಿಸಲಾಗದ ಕುಟುಂಬ ಲಕ್ಷದ್ವೀಪಕ್ಕೋ ಅಂಡಮಾನಿಗೋ ಹಟ ಹಿಡಿದು ಹೊರಡುವುದಕ್ಕಿಂತ ಆ ಹಣವನ್ನು ಮುಂದಿನ ಜನವರಿಗೆ ಎತ್ತಿಡುವುದೇ ಮೇಲು. ಹಾಗೆ ಕಾಯುವವರು ಕಳೆದುಕೊಳ್ಳುವುದು ಏಳು ತಿಂಗಳನ್ನು ಮಾತ್ರ. ಅವರಿಗೆ ಆಗ ತಿಳಿಯಾದ ಕಡಲು ಸಿಗುತ್ತದೆ, ದ್ವೀಪಕ್ಕೆ ತನ್ನ ಕಾಲವನ್ನೂ ಕಟ್ಟುಪಾಡನ್ನೂ ತಿಳಿದು ಬಂದ ಅತಿಥಿ ಸಿಗುತ್ತಾನೆ.